ಹಳೆಯ ಕುಟುಂಬದ ಮನೆ ಮತ್ತು ಹಿತ್ತಲಿನ ದುರಸ್ತಿ: ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ತಂದೆ ಅಥವಾ ಅಜ್ಜನ ಕಾಲದಲ್ಲಿ ಕಟ್ಟಿದ ಮನೆಯನ್ನು ದುರಸ್ತಿಪಡಿಸಿಕೊಳ್ಳಲು ಇಚ್ಛಿಸುವ ನಾಗರಿಕರು ಸಾಮಾನ್ಯವಾಗಿ ಮೊದಲು ಗಾರೆಯವರನ್ನೂ ಬಡಗಿಯನ್ನೂ ಕರೆತರುತ್ತಾರೆ. ಕಚೇರಿಗೆ ಬರುವುದು ಕೆಲಸ ಅರ್ಧಕ್ಕೆ ನಿಂತ ಮೇಲೆ. ಮನೆಯ ಖಾತೆ ಇಂದಿಗೂ ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಇರುವುದು, ಹಿತ್ತಲಿನ ಜಾಗ ಬೇರೆ ದಾಖಲೆಯಲ್ಲಿ ಇರುವುದು, ದೂರದ ಊರಿನಲ್ಲಿರುವ ಸಹೋದರಿಯರ ಒಪ್ಪಿಗೆಯನ್ನು ಕೇಳದೇ ಇರುವುದು, ಇವು ಕೆಲಸ ನಿಲ್ಲಲು ಮುಖ್ಯ ಕಾರಣಗಳು. ಹಳೆಯ ಮನೆಗಳು ಕೇವಲ ವಯಸ್ಸಿನಿಂದ ಬೀಳುವುದಿಲ್ಲ. ಸೂರಿನ ನೀರು ಗೋಡೆಗೆ ಇಳಿಯುವುದನ್ನು ತಡೆಯುವ ಅಧಿಕಾರ ಯಾರಿಗಿದೆ ಎಂಬುದು ಕುಟುಂಬದಲ್ಲಿ ತೀರ್ಮಾನವಾಗದೆ ವರ್ಷಗಳು ಕಳೆದುಹೋಗುವುದರಿಂದ ಬೀಳುತ್ತವೆ. ಆದಕಾರಣ ಈ ಪುಟದಲ್ಲಿ ಮೊದಲು ಹಕ್ಕು ಮತ್ತು ದಾಖಲೆಗಳ ವಿಷಯವನ್ನೂ, ನಂತರ ಅನುಮತಿ, ಕಟ್ಟಡ ಹಾಗೂ ಹಿತ್ತಲಿನ ವಿಷಯಗಳನ್ನೂ ವಿವರಿಸಲಾಗಿದೆ.

ಹಳೆಯ ದಾಖಲೆಗಳನ್ನು ಹುಡುಕುವ ಬಗ್ಗೆ

ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಆದುದರಿಂದ ಹಿರಿಯರ ಪೆಟ್ಟಿಗೆಯಲ್ಲಿ ದೊರೆಯುವ ಕ್ರಯಪತ್ರ, ಪಾಲುಪಟ್ಟಿ ಮುಂತಾದವುಗಳಲ್ಲಿ 'ಕಡೂರು ಡಿಸ್ಟ್ರಿಕ್ಟ್, ತರೀಕೆರೆ ತಾಲ್ಲೂಕು' ಎಂದು ಬರೆದಿದ್ದಲ್ಲಿ ಗಾಬರಿಪಡಬೇಕಾಗಿಲ್ಲ. ಅದು ತಮ್ಮ ಊರೇ ಆಗಿರುತ್ತದೆ. ಅದೇ ರೀತಿ ಅಜ್ಜಂಪುರವು ತರೀಕೆರೆ ತಾಲ್ಲೂಕಿನಲ್ಲಿದ್ದು, 2017ರ ರಾಜ್ಯ ಆಯವ್ಯಯದಲ್ಲಿ ಪ್ರಕಟಿಸಲಾದ 49 ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ಅಜ್ಜಂಪುರದ ನಿವಾಸಿಗಳು ಹಳೆಯ ಕಡತಗಳ ನಕಲು ಕೋರುವಾಗ ಅರ್ಜಿಯಲ್ಲಿ ಹಿಂದಿನ ತಾಲ್ಲೂಕಿನ ಹೆಸರನ್ನೂ ನಮೂದಿಸಿದಲ್ಲಿ ಹುಡುಕಾಟ ಸುಲಭವಾಗುತ್ತದೆ. ಅಜ್ಜಂಪುರ ಪಟ್ಟಣವು ಮೊದಲು ಗ್ರಾಮ ಪಂಚಾಯಿತಿಯ ಆಡಳಿತದಲ್ಲಿದ್ದು ನಂತರ ಪಟ್ಟಣ ಪಂಚಾಯಿತಿಯಾದುದರಿಂದ, ಅಲ್ಲಿನ ಹಳೆಯ ಕಂದಾಯ ರಶೀದಿಗಳು ಗ್ರಾಮ ಪಂಚಾಯಿತಿಯ ಹೆಸರಿನಲ್ಲಿರುವುದು ಸಹಜ. ಇಂತಹ ರಶೀದಿಗಳನ್ನು ಎಸೆಯಬಾರದು.

ಆಸ್ತಿಯ ಮೇಲೆ ಸಾಲ, ಅಡಮಾನ ಅಥವಾ ಮಾರಾಟ ನಡೆದಿದೆಯೇ ಎಂಬುದನ್ನು ತಿಳಿಯಲು ಋಣಭಾರ ಪ್ರಮಾಣಪತ್ರವನ್ನು ಪಡೆಯತಕ್ಕದ್ದು. ಇದಕ್ಕೆ ಕಾವೇರಿ ಆನ್‌ಲೈನ್ ಸೇವೆಯ ಮೂಲಕ ಅಥವಾ ಸಂಬಂಧಪಟ್ಟ ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು.

ಖಾತೆ ಮತ್ತು ಹಕ್ಕು ಒಂದೇ ಅಲ್ಲ

ಖಾತೆಯು ತೆರಿಗೆ ವಸೂಲಿಗಾಗಿ ಸ್ಥಳೀಯ ಸಂಸ್ಥೆಯು ಇಡುವ ದಾಖಲೆ. ಅದರಲ್ಲಿ ಹೆಸರಿರುವ ಒಬ್ಬ ಸಹೋದರನೇ ಮನೆಯ ಏಕೈಕ ಮಾಲೀಕನಾಗುವುದಿಲ್ಲ. ಹೆಸರಿಲ್ಲದ ಸಹೋದರಿಯು ಹಕ್ಕನ್ನು ಕಳೆದುಕೊಳ್ಳುವುದೂ ಇಲ್ಲ. ಈ ಒಂದು ವಿಷಯವನ್ನು ಸರಿಯಾಗಿ ತಿಳಿದುಕೊಂಡಲ್ಲಿ ನ್ಯಾಯಾಲಯದವರೆಗೆ ಹೋಗುವ ಅನೇಕ ವ್ಯಾಜ್ಯಗಳು ಮನೆಯ ಜಗುಲಿಯಲ್ಲಿಯೇ ಮುಗಿಯುತ್ತವೆ.

ಹಿಂದೂ ಕುಟುಂಬಗಳಿಗೆ ಸಂಬಂಧಿಸಿದಂತೆ, ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ 23ನೇ ಪ್ರಕರಣವು ಕುಟುಂಬದ ವಾಸದ ಮನೆಯ ಬಗ್ಗೆ ವಿಶೇಷ ನಿರ್ಬಂಧವನ್ನು ವಿಧಿಸಿತ್ತು. ಗಂಡು ವಾರಸುದಾರರು ತಮ್ಮ ತಮ್ಮಲ್ಲಿ ಪಾಲು ಮಾಡಿಕೊಳ್ಳಲು ಮುಂದಾಗುವವರೆಗೆ ಹೆಣ್ಣುಮಕ್ಕಳು ಆ ಮನೆಯಲ್ಲಿ ಪಾಲು ಕೇಳುವಂತಿರಲಿಲ್ಲ. 2005ರ ತಿದ್ದುಪಡಿಯಿಂದ, ಅಂದರೆ ದಿನಾಂಕ 9-9-2005ರಿಂದ, ಈ ಪ್ರಕರಣವನ್ನು ತೆಗೆದುಹಾಕಲಾಗಿದೆ. ಅದೇ ತಿದ್ದುಪಡಿಯು ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕನ್ನು ನೀಡಿದೆ. ಕರ್ನಾಟಕವು 1994ರಲ್ಲಿಯೇ ತನ್ನದೇ ತಿದ್ದುಪಡಿಯ ಮೂಲಕ ಅವಿವಾಹಿತ ಹೆಣ್ಣುಮಕ್ಕಳಿಗೆ ಇಂತಹ ಹಕ್ಕನ್ನು ನೀಡಿತ್ತು. ತಂದೆಯು 9-9-2005ರಂದು ಬದುಕಿರಲೇಬೇಕೆಂಬ ನಿಬಂಧನೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ ದಿನಾಂಕ 11-8-2020ರಂದು ತೀರ್ಪು ನೀಡಿದೆ. ಬಾಯಿಮಾತಿನ ಪಾಲನ್ನು ಸಾಮಾನ್ಯವಾಗಿ ಒಪ್ಪಲಾಗದು, ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಪರಿಗಣಿಸಬಹುದು ಎಂದೂ ಅದೇ ತೀರ್ಪಿನಲ್ಲಿ ಹೇಳಲಾಗಿದೆ. ಆದರೆ 20-12-2004ಕ್ಕೆ ಮೊದಲೇ ಕಾನೂನುಬದ್ಧವಾಗಿ ಮುಗಿದ ವಿಭಾಗಗಳಿಗೆ ಈ ತಿದ್ದುಪಡಿಯಿಂದ ಬಾಧೆಯಿಲ್ಲ. ಮುಸ್ಲಿಂ ಕುಟುಂಬಗಳಿಗೆ ಅವರ ವೈಯಕ್ತಿಕ ಕಾನೂನು, ಕ್ರೈಸ್ತ ಕುಟುಂಬಗಳಿಗೆ ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925 ಅನ್ವಯವಾಗುತ್ತವೆ.

'ಮದುವೆ ಮಾಡಿಕೊಟ್ಟಾಯಿತು, ಇನ್ನು ಅವಳದೇನಿದೆ' ಎಂಬ ಮಾತು ಈ ಭಾಗದಲ್ಲಿ ಇನ್ನೂ ಕೇಳಿಬರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅವಳದು ಇದೆ. ಆದಕಾರಣ ಖಾತೆ ಬದಲಾವಣೆಗೆ ಅರ್ಜಿ ಸಲ್ಲಿಸುವವರು ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಡಬಾರದು. ಬಿಟ್ಟು ಪಡೆದ ಖಾತೆಯು ಆಕ್ಷೇಪಣೆ ಬಂದ ದಿನ ರದ್ದಾಗಬಹುದಾಗಿದ್ದು, ಅದನ್ನು ನಂಬಿ ಮಾಡಿದ ಖರ್ಚು ವಿವಾದದಲ್ಲಿ ಸಿಲುಕುತ್ತದೆ.

ಖಾತೆದಾರರು ಮೃತಪಟ್ಟಿದ್ದಲ್ಲಿ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ದೃಢೀಕರಣ ಮತ್ತು ತೆರಿಗೆ ಪಾವತಿ ರಶೀದಿಯೊಂದಿಗೆ ಎಲ್ಲ ವಾರಸುದಾರರ ಹೆಸರಿಗೆ ಜಂಟಿ ಖಾತೆ ಕೋರಬಹುದು. ಒಬ್ಬರ ಹೆಸರಿಗೇ ಖಾತೆ ಬೇಕಾದಲ್ಲಿ ಉಳಿದವರು ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನು ಅಥವಾ ಎಲ್ಲರೂ ಸೇರಿ ನೋಂದಾಯಿತ ವಿಭಾಗ ಪತ್ರವನ್ನು ಮಾಡಿಕೊಡಬೇಕಾಗುತ್ತದೆ. ಛಾಪಾ ಕಾಗದದ ಮೇಲೆ ಬರೆದು ಊರಿನ ಹಿರಿಯರ ಸಹಿ ಹಾಕಿಸಿದ, ಆದರೆ ನೋಂದಣಿಯಾಗದ ಬಿಡುಗಡೆ ಪತ್ರದಿಂದ ಸ್ಥಿರಾಸ್ತಿಯ ಹಕ್ಕು ವರ್ಗಾವಣೆಯಾಗುವುದಿಲ್ಲ. ಹೊರದೇಶದಲ್ಲಿರುವ ವಾರಸುದಾರರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರವನ್ನು ಕಳುಹಿಸಬಹುದು; ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗಾಗಿ ಮುದ್ರಾಂಕ ಶುಲ್ಕವನ್ನು ಪಾವತಿಸತಕ್ಕದ್ದು.

ಪಾಲು ಮಾಡಿಕೊಳ್ಳದೆ ಮನೆಯನ್ನು ಎಲ್ಲರ ಹೆಸರಿನಲ್ಲಿಯೇ ಉಳಿಸಿಕೊಂಡು ದುರಸ್ತಿ ಮಾಡಲು ಅಡ್ಡಿಯಿಲ್ಲ. ಅನೇಕ ಕುಟುಂಬಗಳಿಗೆ ಅದೇ ಉತ್ತಮವಾದ ದಾರಿ. ಆದರೆ ಯಾರು ಎಷ್ಟು ಹಣ ಹಾಕಿದರು, ಅದು ಸಾಲವೋ ಕೊಡುಗೆಯೋ, ಮುಂದೆ ಪಾಲಾದರೆ ಅದನ್ನು ಹೇಗೆ ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಕೆಲಸ ಆರಂಭಿಸುವ ಮುನ್ನವೇ ಬರೆದಿಟ್ಟುಕೊಳ್ಳಬೇಕು. ದುರಸ್ತಿಗೆ ಹಣ ಹಾಕಿದ ಮಾತ್ರಕ್ಕೆ ಪಾಲು ಹೆಚ್ಚಾಗುವುದಿಲ್ಲ. ಊರಹಬ್ಬ ಅಥವಾ ಯುಗಾದಿಗೆ ಎಲ್ಲರೂ ಸೇರಿದಾಗ ಈ ಮಾತುಕತೆ ನಡೆಸುವುದು ಅನುಕೂಲ. ಸಹಿಗಾಗಿ ಮಾತ್ರ ಮತ್ತೊಂದು ದಿನ ಉಳಿಯಬೇಕಾದೀತು. ಹಬ್ಬದ ದಿನ ಕಚೇರಿಗಳಿಗೂ ರಜೆ ಇರುತ್ತದೆ.

ಮನೆ ಒಂದು ದಾಖಲೆ, ಹಿತ್ತಲು ಇನ್ನೊಂದು ದಾಖಲೆ

ಗ್ರಾಮಠಾಣಾ ವ್ಯಾಪ್ತಿಯಲ್ಲಿರುವ ಮನೆಗಳಿಗೆ ಗ್ರಾಮ ಪಂಚಾಯಿತಿಯು ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು 11ನ್ನು ನೀಡುತ್ತದೆ. ಆದರೆ ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಯು ಗ್ರಾಮಠಾಣೆಯಲ್ಲಿದ್ದು, ಅದರ ಹಿಂದಿನ ಹಿತ್ತಲು, ಕಣ ಅಥವಾ ತೆಂಗಿನ ಸಾಲು ಸರ್ವೆ ನಂಬರಿನ ಜಮೀನಿನಲ್ಲಿರುವ ಸಂದರ್ಭಗಳುಂಟು. ಅಂತಹ ಹಿತ್ತಲಿಗೆ ಪಹಣಿ ಇರುತ್ತದೆ, ಪಂಚಾಯಿತಿ ಖಾತೆ ಇರುವುದಿಲ್ಲ. ಅಡುಗೆಮನೆಯನ್ನು ನಾಲ್ಕು ಅಡಿ ಹಿಂದಕ್ಕೆ ವಿಸ್ತರಿಸಿದರೂ ಅದು ಕೃಷಿ ಜಮೀನಿನಲ್ಲಿ ಮಾಡಿದ ವಸತಿ ಕಟ್ಟಡವಾಗಬಹುದು. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದ ಮೇರೆಗೆ ಭೂಪರಿವರ್ತನೆಯ ಪ್ರಶ್ನೆ ಆಗ ಉದ್ಭವಿಸುತ್ತದೆ. ಹಿರಿಯರ ಮರಣಾನಂತರ ಈ ಜಮೀನಿಗೆ ಪೌತಿ ಖಾತೆಯನ್ನು ಕಂದಾಯ ಇಲಾಖೆಯಲ್ಲಿ ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕು. ಪಂಚಾಯಿತಿಯಲ್ಲಿ ಖಾತೆಯಾದ ಕಾರಣಕ್ಕೆ ಪಹಣಿ ತಾನಾಗಿ ಬದಲಾಗದು.

ಗಡಿ ಸ್ಪಷ್ಟವಿಲ್ಲದಿದ್ದಲ್ಲಿ ಬೇಲಿ ಅಥವಾ ಕಾಂಪೌಂಡು ಹಾಕುವ ಮುನ್ನ ಭೂಮಾಪನ ಇಲಾಖೆಗೆ ಹದ್ದುಬಸ್ತಿಗಾಗಿ ಅರ್ಜಿ ಸಲ್ಲಿಸಬೇಕು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಡಿ ಗ್ರಾಮಠಾಣಾ ಆಸ್ತಿಗಳನ್ನು ಡ್ರೋನ್ ಮೂಲಕ ಅಳತೆ ಮಾಡಿ ಆಸ್ತಿ ಚೀಟಿಗಳನ್ನು ನೀಡುವ ಕಾರ್ಯ ಕೈಗೊಳ್ಳಲಾಗಿದೆ. ಅಳತೆಗೆ ಮುನ್ನ ನೆಲದ ಮೇಲೆ ಸುಣ್ಣದ ಗುರುತು ಹಾಕುವ ದಿನ ಮನೆಯವರೊಬ್ಬರು ಹಾಜರಿರುವುದು ಅತ್ಯವಶ್ಯ. ಬೀಗ ಹಾಕಿದ ಮನೆಯ ಹಿತ್ತಲಿನ ಗಡಿಯನ್ನು ಪಕ್ಕದ ಮನೆಯವರೇ ತೋರಿಸಿರುವ ಸಾಧ್ಯತೆ ಇರುವುದರಿಂದ, ದೂರದ ಊರುಗಳಲ್ಲಿರುವವರು ಕರಡು ದಾಖಲೆಯನ್ನು ಪರಿಶೀಲಿಸಿ ಆಕ್ಷೇಪಣೆಯಿದ್ದಲ್ಲಿ ನಿಗದಿತ ಅವಧಿಯಲ್ಲಿ ಸಲ್ಲಿಸತಕ್ಕದ್ದು.

ಅನುಮತಿ

ಹೆಂಚು ಬದಲಾಯಿಸುವುದು, ಸುಣ್ಣಬಣ್ಣ, ನೆಲದ ದುರಸ್ತಿ ಮುಂತಾದವು ಸಾಧಾರಣ ದುರಸ್ತಿಗಳು. ಗೋಡೆ ಕೆಡವಿ ಕಟ್ಟುವುದು, ಕೊಠಡಿ ಸೇರಿಸುವುದು, ಹೆಂಚಿನ ಬದಲು ತಾರಸಿ ಹಾಕುವುದು, ಮಹಡಿ ಏರಿಸುವುದು ಇವು ಬೇರೆ. ಎರಡನೆಯ ಬಗೆಯ ಕೆಲಸಗಳಿಗೆ ಗ್ರಾಮಗಳಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ, ಕಡೂರು, ಬೀರೂರು ಹಾಗೂ ತರೀಕೆರೆ ಪುರಸಭೆಗಳ ಮತ್ತು ಅಜ್ಜಂಪುರ ಪಟ್ಟಣ ಪಂಚಾಯಿತಿಯ ವ್ಯಾಪ್ತಿಯಲ್ಲಿ ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ 187ನೇ ಪ್ರಕರಣದಂತೆ ಆಯಾ ಸಂಸ್ಥೆಯ ಪೂರ್ವಾನುಮತಿ ಪಡೆಯಬೇಕು. ಯಾವ ಬಗೆಗೆ ಸೇರಿದ ಕೆಲಸವೆಂಬ ಸಂಶಯವಿದ್ದಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನು ಕಡತದಲ್ಲಿ ಇಟ್ಟುಕೊಳ್ಳುವುದು ಕ್ಷೇಮಕರ. ಅರ್ಜಿಯೊಂದಿಗೆ ಖಾತೆಯ ಪ್ರತಿ, ಚಾಲ್ತಿ ಸಾಲಿನ ತೆರಿಗೆ ರಶೀದಿ, ಅಭಿಯಂತರರು ಸಿದ್ಧಪಡಿಸಿದ ನಕ್ಷೆ ಹಾಗೂ ಜಂಟಿ ಖಾತೆಯಿದ್ದಲ್ಲಿ ಇತರ ಖಾತೆದಾರರ ಒಪ್ಪಿಗೆ ಪತ್ರವನ್ನು ಲಗತ್ತಿಸಬೇಕು. ಬೀದಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ ಪಕ್ಕದ ಮನೆಯೊಂದಿಗೆ ಜಂಟಿ ಗೋಡೆಯಿರುವುದು ಸಾಮಾನ್ಯ. ಅದನ್ನು ಮುಟ್ಟುವುದಾದಲ್ಲಿ ನೆರೆಯವರ ಲಿಖಿತ ಒಪ್ಪಿಗೆಯನ್ನೂ ಪಡೆಯುವುದು.

ಸಕಾಲ ಸೇವೆಗಳ ಪಟ್ಟಿಯಲ್ಲಿರುವ ಯಾವುದೇ ಅರ್ಜಿಗೆ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೇಳಿ ಪಡೆಯುವುದು ಅರ್ಜಿದಾರರ ಹಕ್ಕು. ನಿಗದಿತ ಅವಧಿ ಮೀರಿದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರಾರ್ಥ ವೆಚ್ಚವನ್ನು ಕೋರಬಹುದು. ಮೊತ್ತ ಸಣ್ಣದಾದರೂ ಸ್ವೀಕೃತಿ ಸಂಖ್ಯೆಯುಳ್ಳ ಅರ್ಜಿ ಕಳೆದುಹೋಗುವುದು ಅಪರೂಪ.

ಅಮೃತಾಪುರದ ನಿವಾಸಿಗಳಿಗೆ ವಿಶೇಷ ಸೂಚನೆ

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯವು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ದಿನಾಂಕ 16-6-1992ಕ್ಕೆ ಮೊದಲೇ ಇದ್ದ ಮನೆಯ ಮಾಲೀಕರು ದುರಸ್ತಿ ಮತ್ತು ನವೀಕರಣಕ್ಕಾಗಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. ಇಲ್ಲಿ ದುರಸ್ತಿ ಎಂದರೆ ಇರುವ ಕಟ್ಟಡದಲ್ಲಿ ಮಾಡುವ ಬದಲಾವಣೆ ಮಾತ್ರ. ಕೆಡವಿ ಮತ್ತೆ ಕಟ್ಟುವುದು ಅದರಲ್ಲಿ ಸೇರುವುದಿಲ್ಲ. ಆದುದರಿಂದ ಇಂತಹ ಮನೆಗಳ ಗೋಡೆಯನ್ನು ಅನುಮತಿಯಿಲ್ಲದೆ ಕೆಡವಿದವರು ಅದನ್ನು ಮತ್ತೆ ಎಬ್ಬಿಸಲಾಗದ ಸ್ಥಿತಿಗೆ ಬರಬಹುದು. ಗ್ರಾಮ ಪಂಚಾಯಿತಿಯ ಪರವಾನಗಿಯೊಂದೇ ಇಲ್ಲಿ ಸಾಲದು.

ಕಟ್ಟಡದ ಬಗ್ಗೆ

ಈ ಮೂರು ತಾಲ್ಲೂಕುಗಳು ಬಯಲುಸೀಮೆ ಮತ್ತು ಮಲೆನಾಡುಗಳ ನಡುವಿನ ಸೀಮೆಯಲ್ಲಿವೆ. ಮನೆಗಳೂ ಹಾಗೆಯೇ ಇವೆ. ಕಡೂರು, ಅಜ್ಜಂಪುರಗಳ ಒಣ ಭಾಗಗಳಲ್ಲಿ ಮರದ ತೊಲೆ, ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆಗಳನ್ನೂ, ತರೀಕೆರೆ, ಲಕ್ಕವಳ್ಳಿಗಳ ಕಡೆ ಇಳಿಜಾರು ಸೂರಿನ ಹೆಂಚಿನ ಮನೆಗಳನ್ನೂ ಕಾಣಬಹುದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹೆಂಚು ಕಾಲಕ್ರಮೇಣ ನಾಡಹೆಂಚಿನ ಜಾಗವನ್ನು ಆಕ್ರಮಿಸಿತು.

ಮಾಳಿಗೆ ಸೋರಿದಾಗಲೆಲ್ಲ ಮೇಲೆ ಹೊಸ ಮಣ್ಣು ಹಾಕುವುದು ರೂಢಿ. ಹತ್ತು ಸೆಂಟಿಮೀಟರ್ ದಪ್ಪದ ಮಣ್ಣು ಒಂದು ಚದರ ಮೀಟರಿಗೆ 160ರಿಂದ 180 ಕಿಲೋಗ್ರಾಂ ತೂಗುತ್ತದೆ. ನೆನೆದಾಗ ಇನ್ನೂ ಹೆಚ್ಚು. ಮೂರು ತಲೆಮಾರಿನವರು ಹಾಕಿದ ಮಣ್ಣಿನ ಭಾರವನ್ನು ಮುತ್ತಜ್ಜನ ತೊಲೆ ಹೊತ್ತಿರುತ್ತದೆ. ಆದಕಾರಣ ಹೊಸ ಪದರ ಹಾಕುವ ಮುನ್ನ ಹಳೆಯದನ್ನು ತೆಗೆಯುವುದು, ತೊಲೆಯು ಗೋಡೆಯೊಳಗೆ ಹೊಕ್ಕಿರುವ ತುದಿಯನ್ನು ತೋಡಿ ನೋಡುವುದು ಅವಶ್ಯ. ಮರ ಕೊಳೆಯುವುದು ಮತ್ತು ಗೆದ್ದಲು ಹತ್ತುವುದು ಹೆಚ್ಚಾಗಿ ಅಲ್ಲಿಂದಲೇ. ಹೊರಗೆ ಕಾಣುವ ನಡುಭಾಗ ಗಟ್ಟಿಯಾಗಿರುತ್ತದೆ.

ಮಣ್ಣಿನ ಗೋಡೆಯ ಮೇಲೆ ನೇರವಾಗಿ ಕಾಂಕ್ರೀಟು ತಾರಸಿ ಹಾಕುವುದು ಅಪಾಯಕರ. ಮಂಗಳೂರು ಹೆಂಚಿನ ಸೂರಿನಲ್ಲಿ ಹೆಂಚಿನ ತೂಕ ಚದರ ಮೀಟರಿಗೆ ಸುಮಾರು 40 ಕಿಲೋಗ್ರಾಂ ಇದ್ದರೆ, ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಸುಮಾರು 250 ಕಿಲೋಗ್ರಾಂ ತೂಗುತ್ತದೆ. ತಾರಸಿ ಬೇಕೇ ಬೇಕೆನ್ನುವವರು ಪ್ರತ್ಯೇಕ ಕಂಬ ಮತ್ತು ಅಡಿಪಾಯದ ಬಗ್ಗೆ ಅಭಿಯಂತರರ ಸಲಹೆ ಪಡೆಯತಕ್ಕದ್ದು. ಪಕಾಸಿ, ರೀಪುಗಳು ಸರಿಯಾಗಿದ್ದಲ್ಲಿ ಹೆಂಚನ್ನೇ ಇಳಿಸಿ, ಒಡೆದವನ್ನು ಬದಲಿಸಿ ಮತ್ತೆ ಹೊದಿಸುವುದು ಖರ್ಚಿನಲ್ಲಿಯೂ ಬೇಸಿಗೆಯ ತಂಪಿನಲ್ಲಿಯೂ ಲಾಭಕರ.

ಇದೇ ರೀತಿ ಮಣ್ಣಿನ ಗೋಡೆಗೆ ಸಿಮೆಂಟು ಗಾರೆ ಬಳಿಯುವುದು ಗಟ್ಟಿತನದ ಭ್ರಮೆಯನ್ನು ಮಾತ್ರ ನೀಡುತ್ತದೆ. ಗೋಡೆಯೊಳಗಿನ ತೇವ ಹೊರಬರಲಾಗದೆ ಸಿಮೆಂಟಿನ ಹಿಂದೆ ನಿಂತು, ಕೆಲವು ವರ್ಷಗಳಲ್ಲಿ ಹಾಳೆಹಾಳೆಯಾಗಿ ಕಳಚುತ್ತದೆ. ಜೊತೆಗೆ ಗೋಡೆಯ ಮಣ್ಣೂ ಬರುತ್ತದೆ. ಸುಣ್ಣದ ಗಾರೆ ಅಥವಾ ಮಣ್ಣಿನ ಗಿಲಾವು ತೇವವನ್ನು ಹೊರಗೆ ಬಿಡುತ್ತದೆ. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿ ಅರೆಯುವ ಪದ್ಧತಿಯನ್ನು ಬಲ್ಲ ಹಿರಿಯ ಗಾರೆಯವರು ಊರಿನಲ್ಲಿ ಇನ್ನೂ ಇದ್ದಲ್ಲಿ ಅವರನ್ನು ಕೇಳುವುದು ಒಳ್ಳೆಯದು.

ಪಟ್ಟಣಗಳಲ್ಲಿ ರಸ್ತೆಯ ಮಟ್ಟ ಪ್ರತಿ ಡಾಂಬರೀಕರಣದೊಂದಿಗೆ ಏರಿ, ಹಳೆಯ ಮನೆಯ ಹೊಸ್ತಿಲು ಬೀದಿಗಿಂತ ಕೆಳಗಾಗಿರುವುದುಂಟು. ಒಳಗೆ ನೆಲಹಾಸು ಬದಲಿಸುವ ಮೊದಲು ಬೀದಿಯ ನೀರು ಎತ್ತ ಹೋಗಬೇಕೆಂಬುದನ್ನು ನಿರ್ಧರಿಸಿ, ಚರಂಡಿಯ ಬಗ್ಗೆ ಪುರಸಭೆಗೆ ಮನವಿ ಸಲ್ಲಿಸುವುದು.

ಹಳೆಯ ಮನೆಗಳ ಅಂಗಳದಲ್ಲಿ ಅಥವಾ ನಡುಮನೆಯಲ್ಲಿ ರಾಗಿ ತುಂಬುತ್ತಿದ್ದ ಹಗೇವುಗಳು ಇರಬಹುದು. ಬಾಯಿ ಮುಚ್ಚಿ ಮರೆತ ಹಗೇವಿನ ಮೇಲೆ ಭಾರ ಬಿದ್ದಲ್ಲಿ ನೆಲ ಕುಸಿಯುತ್ತದೆ. ತೆರೆದ ಕೂಡಲೇ ಒಳಗೆ ಇಳಿಯುವುದು ಪ್ರಾಣಾಪಾಯಕರ. ಉಸಿರುಕಟ್ಟಿಸುವ ಗಾಳಿ ಅದರೊಳಗೆ ನಿಂತಿರುತ್ತದೆ. ಹಲವು ಕಾಲ ತೆರೆದಿಟ್ಟು, ಗಾಳಿಯಾಡಿಸಿ, ಮೇಲಿನಿಂದಲೇ ಮಣ್ಣು ತುಂಬಿ ದಿಮ್ಮಿಸಿ ಮುಚ್ಚತಕ್ಕದ್ದು. ಪಾಳುಬಿದ್ದ ಬಾವಿಗೆ ಇಳಿಯುವವರೂ ಇದೇ ಎಚ್ಚರಿಕೆ ವಹಿಸುವುದು.

ವಿದ್ಯುತ್ ತಂತಿಗಳನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದ ಬದಲಿಸಿ, ಮೆಸ್ಕಾಂ ಕಚೇರಿಯಲ್ಲಿ ಸ್ಥಾವರದ ಹೆಸರನ್ನು ವರ್ಗಾಯಿಸಿಕೊಳ್ಳುವುದು.

ಮಳೆಯಿಂದ ಗೋಡೆ ಬಿದ್ದಲ್ಲಿ

ಅತಿವೃಷ್ಟಿಯಿಂದ ಮನೆಗೆ ಹಾನಿಯಾದಲ್ಲಿ ಅವಶೇಷಗಳನ್ನು ತೆರವುಗೊಳಿಸುವ ಮೊದಲೇ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಬಿದ್ದ ಸ್ಥಿತಿಯಲ್ಲಿಯೇ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಪರಿಹಾರವು ಹಾನಿಯ ಪ್ರಮಾಣದ ವರದಿಯನ್ನು ಅವಲಂಬಿಸಿದೆ. ಖಾತೆಯು ಮೃತರ ಹೆಸರಿನಲ್ಲಿಯೇ ಇದ್ದಲ್ಲಿ, ಬಿದ್ದ ಮನೆಯಲ್ಲಿ ವಾಸವಿದ್ದವರೇ ತಾವು ಯಾರೆಂದು ಸಾಬೀತುಪಡಿಸುವ ಕಷ್ಟಕ್ಕೆ ಸಿಲುಕುತ್ತಾರೆ. ಆ ಹೊತ್ತಿನಲ್ಲಿ ವಂಶವೃಕ್ಷಕ್ಕಾಗಿ ಅಲೆಯುವುದು ಯಾರಿಗೂ ಬೇಡ.

ಹಿತ್ತಲು, ಮರಗಳು ಮತ್ತು ನೀರು

ಹಿತ್ತಲಿನ ತೆಂಗು, ಸಿಲ್ವರ್ ಓಕ್, ನೀಲಗಿರಿ ಮುಂತಾದ ಕೆಲವು ಜಾತಿಗಳನ್ನು ಹೊರತುಪಡಿಸಿ ಇತರ ಮರಗಳನ್ನು ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಂತೆ ವೃಕ್ಷ ಅಧಿಕಾರಿಯ ಅನುಮತಿ ಅಗತ್ಯ. ತಾನಾಗಿ ಬೆಳೆದ ಶ್ರೀಗಂಧದ ಮರ ಹಿತ್ತಲಿನಲ್ಲಿದ್ದಲ್ಲಿ 2001ರ ತಿದ್ದುಪಡಿಯ ನಂತರ ಅದು ಜಮೀನಿನವರದೇ. ಆದರೆ ಅನುಮತಿಯಿಲ್ಲದೆ ಕಡಿಯುವುದು ಇಂದಿಗೂ ಅಪರಾಧ. ಹಳೆಯ ಮನೆಯಿಂದ ತೆಗೆದ ತೇಗ, ಬೀಟೆ, ಹೊನ್ನೆಯ ಕಂಬ ಬಾಗಿಲುಗಳನ್ನು ಬೇರೆಡೆಗೆ ಸಾಗಿಸುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ರಹದಾರಿಯ ಬಗ್ಗೆ ವಿಚಾರಿಸತಕ್ಕದ್ದು. ದಾರಿಯಲ್ಲಿ ತಡೆದಾಗ ಇದು ಅಜ್ಜನ ಮನೆಯ ಬಾಗಿಲು ಎಂಬ ಮಾತಿಗಿಂತ, ಕೆಡವುವ ಮುನ್ನ ಬಾಗಿಲು ಗೋಡೆಯಲ್ಲಿದ್ದಾಗ ತೆಗೆದ ಚಿತ್ರ ಹೆಚ್ಚು ನೆರವಾಗುತ್ತದೆ.

ಸೇದುವ ಬಾವಿಯನ್ನು ಕಸ ತುಂಬಿ ಮುಚ್ಚುವ ಪ್ರವೃತ್ತಿ ವಿಷಾದನೀಯ. ಕಡೂರು ತಾಲ್ಲೂಕು ಅಂತರ್ಜಲದ ಅತಿಬಳಕೆಗೆ ಒಳಗಾದ ಪ್ರದೇಶ. ಇಲ್ಲಿ ಬರಗಾಲದ ವರ್ಷಗಳಲ್ಲಿ ತೆಂಗಿನ ತೋಟಗಳೇ ಒಣಗಿವೆ. ನೂರು ಚದರ ಮೀಟರಿನ ಸೂರಿನ ಮೇಲೆ ನೂರು ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಸಾವಿರ ಲೀಟರ್ ನೀರಾಗುತ್ತದೆ. ವ್ಯರ್ಥವಾಗುವುದನ್ನು ಕಳೆದರೂ ಎಂಟು ಸಾವಿರ ಲೀಟರಿನಷ್ಟು ಉಳಿಯುತ್ತದೆ. ಸೂರಿನ ಅಂಚಿಗೆ ದೋಣಿ ಕಟ್ಟಿ, ಮರಳು ಜಲ್ಲಿಯ ಸೋಸುಗುಂಡಿಯ ಮೂಲಕ ಈ ನೀರನ್ನು ಬಾವಿಗೆ ಬಿಟ್ಟಲ್ಲಿ ಗೋಡೆಯ ಬುಡವೂ ಒಣಗಿರುತ್ತದೆ, ಹಿತ್ತಲಿಗೂ ನೀರಾಗುತ್ತದೆ. ಶೌಚಗುಂಡಿಯು ಬಾವಿಯಿಂದ ದೂರದಲ್ಲಿಯೂ ತಗ್ಗಿನಲ್ಲಿಯೂ ಇರಬೇಕು. ಹೊಸ ಕೊಳವೆಬಾವಿ ಕೊರೆಸುವವರು ಕರ್ನಾಟಕ ಅಂತರ್ಜಲ ಅಧಿನಿಯಮ, 2011ರಡಿ ತಮ್ಮ ಗ್ರಾಮಕ್ಕೆ ಅನ್ವಯವಾಗುವ ಅನುಮತಿಯ ಬಗ್ಗೆ ಮೊದಲೇ ವಿಚಾರಿಸುವುದು; ವಿಫಲವಾದ ಕೊಳವೆಬಾವಿಯ ಬಾಯಿಯನ್ನು ಅದೇ ದಿನ ಭದ್ರವಾಗಿ ಮುಚ್ಚುವುದು.

ಎಲ್ಲಿ ವಿಚಾರಿಸಬೇಕು

ಗ್ರಾಮ ಪಂಚಾಯಿತಿಯ ನಮೂನೆಗಳು ಹಾಗೂ ಕಟ್ಟಡ ಪರವಾನಗಿಗೆ ಪಂಚಾಯಿತಿ ಕಚೇರಿಯ ಬಾಪೂಜಿ ಸೇವಾ ಕೇಂದ್ರ. ವಂಶವೃಕ್ಷಕ್ಕೆ ಹೋಬಳಿಯ ನಾಡಕಚೇರಿ. ಪೌತಿ ಖಾತೆಗೆ ಕಡೂರು, ತರೀಕೆರೆ ಅಥವಾ ಅಜ್ಜಂಪುರ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬಹುದು. ಪಾಲಿನ ಬಗ್ಗೆ ಭಿನ್ನಾಭಿಪ್ರಾಯವಿದ್ದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಬಹುದಾಗಿದ್ದು, ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಹೆಂಚು ಇಳಿಸುವ ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಮಧ್ಯಭಾಗದವರೆಗಿನ ಕಾಲ ಸೂಕ್ತವಾಗಿರುವುದರಿಂದ, ಖಾತೆ ಮತ್ತು ಪರವಾನಗಿಯ ಅರ್ಜಿಗಳನ್ನು ಹಿಂದಿನ ಮಳೆಗಾಲದಲ್ಲಿಯೇ ಸಲ್ಲಿಸಲು ಕೋರಲಾಗಿದೆ.